ಕಾಳಜಿ ಕೇಂದ್ರಕ್ಕೆ ಬೀಗ ಹಾಕಲು ಇಷ್ಟು ಅವಸರವೇಕೆ?

ಸಂಪಾದಕರಿಗೆ,

ಮಾನ್ಯರೇ,

ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ಬಿಡುವ ನೀರು ಕಡಿಮೆಯಾಯಿತೆಂದರೆ ಒಂದೆರಡು ದಿನದಲ್ಲಿ ಪತ್ರಿಕೆಗಳಲ್ಲಿ ಒಂದು ತಲೆಬರಹ ಬರುತ್ತದೆ: ‘ಪ್ರವಾಹ ಭೀತಿ ದೂರ, ಜನಜೀವನ ಸಹಜ ಸ್ಥಿತಿಗೆ’. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳ ಕೃಷ್ಣಾ, ದೂಧಗಂಗಾ ಹೊಳೆದಂಡೆಯವರಿಗೆ ಈ ಸಾಲು ಬಾಯಿಪಾಠವಾಗಿದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಪ್ರವಾಹಕ್ಕೆ ಮನೆ ಬಿಟ್ಟವರು ತಂಗಿರುವ ಕಾಳಜಿ ಕೇಂದ್ರದ ಒಲೆ ಆರುತ್ತದೆ, ಶಾಲೆಯ ಕೋಣೆಗಳಿಂದ ಹಾಸಿಗೆ ಸುರುಳಿಗಳು ಟ್ರ್ಯಾಕ್ಟರ್ ಏರುತ್ತವೆ. ನಮ್ಮ ತಕರಾರು ಇಷ್ಟೇ. ಹೊಳೆಯ ಮಟ್ಟ ನೋಡಿ ಕೇಂದ್ರ ಮುಚ್ಚಬಾರದು. ಗೋಡೆ, ಕರೆಂಟು, ಕುಡಿಯುವ ನೀರು, ಈ ಮೂರನ್ನೂ ಓಣಿ ಓಣಿ ತಿರುಗಿ ನೋಡಿದ ಮೇಲೆ ಮುಚ್ಚಬೇಕು. ಹೊಳೆ ಉಳಿಸಿಟ್ಟುಹೋದದ್ದನ್ನು ಅವಸರ ಕೆಡಿಸುವುದು ಹೇಗೆ ಎಂಬುದನ್ನು ಒಂದಿಷ್ಟು ವಿವರವಾಗಿ ಹೇಳಬೇಕಾಗಿದೆ.

ಮೊದಲು ಗೋಡೆ. ಒಳಗೂ ಹೊರಗೂ ಸಮನಾಗಿ ನೀರು ನಿಂತಿರುವಾಗ ಮಣ್ಣಿನ ಗೋಡೆಗೆ ಎರಡೂ ಮಗ್ಗುಲಿಂದ ಆ ನೀರೇ ಆಸರೆ. ಹೊಳೆ ಇಳಿದಾಗ ಆಸರೆ ಹೋಗುತ್ತದೆ, ಗೋಡೆ ಕುಡಿದ ನೀರು ಮಾತ್ರ ಒಳಗೇ ಉಳಿಯುತ್ತದೆ. ಭಾರ ಹೆಚ್ಚಿರುತ್ತದೆ, ಬಲ ಕುಗ್ಗಿರುತ್ತದೆ. ಎರಡು ದಿನ ಬಿಸಿಲು ಬಿತ್ತೆಂದರೆ ಹೊರಮೈ ಒಣಗಿ ಬಿರಿಯುತ್ತದೆ, ಬುಡ ಇನ್ನೂ ಹಸಿ. ತಲೆಯ ಮೇಲೆ ಮಾಳಿಗೆಯ ಮಣ್ಣು ಬೇರೆ. ಮಹಾಪೂರದಲ್ಲಿ ನಿಂತ ಗೋಡೆ ಬಿಸಿಲಿನಲ್ಲಿ ಬೀಳುವುದು ಇದಕ್ಕೇ. ‘ನಮ್ಮ ಮನೆಗೆ ನೀರು ಬರಲೇ ಇಲ್ಲ, ಅಂಗಳದ ತನಕ ಬಂದು ಹೋಯಿತು’ ಎನ್ನುವವರೂ ನಿಶ್ಚಿಂತರಾಗುವಂತಿಲ್ಲ. ಎರೆಮಣ್ಣು ನೀರು ಹೀರಿ ಉಬ್ಬುತ್ತದೆ, ಪಾಯದ ಮೂಲಕ ತೇವ ಗೋಡೆಗೆ ಏರುತ್ತದೆ, ಆಮೇಲೆ ಮಣ್ಣು ಒಣಗಿ ಕುಗ್ಗುವಾಗ ಪಾಯ ಒಂದು ಕಡೆ ಕೂರುತ್ತದೆ.

ನೋಡುವ ಕ್ರಮ ಕಷ್ಟದ್ದೇನಲ್ಲ. ಬುಡದಿಂದ ಒಂದು ಗೇಣು ಮೇಲೆ ಸ್ಕ್ರೂಡ್ರೈವರ್ ಇಟ್ಟು ಕೈಬಲದಿಂದ ಒತ್ತಬೇಕು. ಬೆರಳುದ್ದ ಸಲೀಸಾಗಿ ಇಳಿದರೆ ಆ ಗೋಡೆಯ ಪಕ್ಕ ಮಲಗುವ ಮಾತೇ ಇಲ್ಲ. ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ನೆತ್ತಿಯಿಂದ ಇಳಿಬಿಟ್ಟರೆ ಹೊಟ್ಟೆ ಉಬ್ಬಿದೆಯೋ, ವಾಲಿದೆಯೋ ಕಾಣುತ್ತದೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಮೂರು ದಿನದಲ್ಲಿ ಗೆರೆಗಳ ನಡುವಿನ ಅಂತರ ಹೆಚ್ಚಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದೇ ಅರ್ಥ. ಬಾಗಿಲು ಬಿಗಿಯಾದರೆ ಕಟ್ಟಿಗೆ ನೀರು ಕುಡಿದು ಉಬ್ಬಿರಬಹುದು. ಆದರೆ ಚೌಕಟ್ಟಿನ ಮೇಲ್ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದ್ದರೆ ದೋಷ ಬಾಗಿಲಿನದಲ್ಲ, ಮೇಲಿನ ಭಾರದ್ದು. ಅಟ್ಟದ ಮೇಲಿನ ಚೀಲ, ಕಟ್ಟಿಗೆ ಇಳಿಸಿ, ತೊಲೆಗೆ ಕಂಬದ ಆಸರೆ ಕೊಟ್ಟು, ಕಿಟಕಿ ಬಾಗಿಲು ತೆರೆದು ಗಾಳಿಗೆ ಬಿಡಬೇಕು. ಗೋಡೆಗೆ ಬೇಕಾದದ್ದು ಗಾಳಿ. ಒಳಗೆ ಬೆಂಕಿ ಹಾಕಿ ಬೇಗ ಒಣಗಿಸುವ ಉಪಾಯ ಬಿರುಕನ್ನು ಹೆಚ್ಚಿಸುತ್ತದೆ. ಹಸಿ ಮಣ್ಣುಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವುದು ಅದಕ್ಕಿಂತ ದೊಡ್ಡ ತಪ್ಪು. ತೇವ ಹೊರಬರಲಾಗದೆ ಒಳಗೇ ಕೂತು ಮಣ್ಣನ್ನು ಕೊಳೆಸುತ್ತದೆ, ಮುಂದಿನ ಮಳೆಗಾಲದಲ್ಲಿ ಗಿಲಾವು ಹಪ್ಪಳದಂತೆ ಎದ್ದು ಬರುತ್ತದೆ. ಮಣ್ಣಿಗೆ ಮಣ್ಣಿನದೇ ಗಿಲಾವು, ಅದೂ ಗೋಡೆ ಪೂರ್ತಿ ಒಣಗಿದ ಮೇಲೆ.

ಮನೆಯೊಳಗಿನ ರಾಡಿಯ ವಿಷಯದಲ್ಲಿ ಮಾತ್ರ ಅವಸರ ಬೇಕು. ಹೊಳೆಯ ಕರಿ ರಾಡಿ ಹಸಿಯಿದ್ದಾಗ ಸಲಿಕೆಗೆ ಬರುತ್ತದೆ, ಒಣಗಿದರೆ ಗುದ್ದಲಿಗೂ ಬಗ್ಗದು. ಆದರೂ ಕೈ ಹಾಕುವ ಮುನ್ನ ಕೋಲು ಹಾಕಬೇಕು. ಕಟ್ಟಿಗೆ ರಾಶಿ, ಕುಳ್ಳಿನ ಗುಡ್ಡೆ, ಸುತ್ತಿಟ್ಟ ಹಾಸಿಗೆ, ನುಚ್ಚಿನ ಡಬ್ಬಿಯ ಹಿಂಬದಿ, ಹಾವು ಬೆಚ್ಚಗೆ ಕೂರುವ ಜಾಗಗಳಿವು. ನೀರಿಗೆ ಬಿಲ ಕಳೆದುಕೊಂಡ ಹಾವು ಮನೆ ಒಣಗಿದ ಮೇಲೂ ಅಲ್ಲೇ ಇರುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ವಿಷಕ್ಕೆ ಮದ್ದು ಇದೆಯೇ, ಇಲ್ಲದಿದ್ದರೆ ಎಲ್ಲಿದೆ ಎಂಬುದನ್ನು ಕಾಳಜಿ ಕೇಂದ್ರದ ಗೋಡೆಗೆ ಬರೆದು ಹಚ್ಚಬೇಕು. ಕಚ್ಚಿದ ಮೇಲೆ ಹುಡುಕುತ್ತ ಕೂರುವಂತಾಗಬಾರದು. ರಾಡಿ ಎತ್ತುವವರಿಗೆ ಗಮ್‌ಬೂಟು ಬೇಕು. ಕಾಲಿನ ಸಣ್ಣ ಗಾಯದಿಂದಲೇ ಇಲಿಜ್ವರದ ರೋಗಾಣು ಒಳಸೇರುತ್ತದೆ. ಆಮೇಲೆ ಜ್ವರದ ಜೊತೆ ಮೀನಖಂಡ ವಿಪರೀತ ನೋಯತೊಡಗಿದರೆ ‘ರಾಡಿಯಲ್ಲಿ ಕೆಲಸ ಮಾಡಿದ್ದೆ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ನೆನೆದ ಜೋಳ, ಗೋಧಿಯ ಬಗ್ಗೆ ಕರುಳು ಚುರ್ ಎನ್ನುವುದು ಸಹಜ. ಹೊಳೆಯ ನೀರು ಹೊಕ್ಕ ಚೀಲದ ಕಾಳನ್ನು ಊಟಕ್ಕೆ ಬಳಸದಿರುವುದೇ ಲೇಸು. ಬೂಸ್ಟು ಹಿಡಿದ ಕಾಳಿನ ವಿಷ ತೊಳೆದರೂ ಹೋಗದು, ಬೇಯಿಸಿದರೂ ಹೋಗದು. ದನಗಳಿಗೆ ಹಾಕಿದರೆ ಹಾಲಿಗೂ ಬರುತ್ತದೆ.

ಇನ್ನು ಕರೆಂಟು. ಊರಿಗೆ ಲೈನು ಬಂತು ಎಂದರೆ ಮನೆಗೆ ಕರೆಂಟು ಬಂತು ಎಂದಲ್ಲ. ಟಿಸಿ (ಟ್ರಾನ್ಸ್‌ಫಾರ್ಮರ್) ಚಾಲೂ ಮಾಡುವ ಮೊದಲು ನೀರು ಹೊಕ್ಕ ಪ್ರತಿ ಮನೆಯ ಮೇನ್ ಸ್ವಿಚ್ ಬಂದ್ ಆಗಿರಬೇಕು, ಕಬ್ಬಿನ ಮೇಲೆ ಒರಗಿದ ತಂತಿಗಳನ್ನು ಲೈನ್‌ಮನ್ ನಡೆದುಹೋಗಿ ನೋಡಿರಬೇಕು. ಬೋರ್ಡಿನ ತನಕ ನೀರು ಏರಿದ್ದರೆ ಸ್ವಿಚ್, ಪ್ಲಗ್, ಎಂಸಿಬಿ (ದೋಷವಾದರೆ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್) ಬಿಚ್ಚಿ ಹೊಸದು ಹಾಕಿಸುವುದೇ ಸರಿ. ಒಣಗಿಸಿದ ಎಂಸಿಬಿ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ರಾಡಿ ಕೂತು ಬೀಳಬೇಕಾದ ಹೊತ್ತಿಗೆ ಬೀಳುವುದಿಲ್ಲ. ಪೈಪಿನೊಳಗಿನ ವೈರನ್ನು ಮೆಗ್ಗರ್ (ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಉಪಕರಣ) ಹಚ್ಚಿ ಪರೀಕ್ಷಿಸಬೇಕು. ಗೋಡೆಯ ತೇವಕ್ಕೆ ಕರೆಂಟು ಹರಿದಿದ್ದರೆ ಟೆಸ್ಟರ್ ದೀಪವನ್ನು ನಂಬಿ ಕೂರಲಾಗದು. ಒಂದು ಓಣಿಗೆ ಒಬ್ಬ ವೈರ್‌ಮನ್, ಒಂದು ಮೆಗ್ಗರ್ ಸಾಕು. ಅದನ್ನು ಪಂಚಾಯಿತಿ ಕೊಡಿಸದಿದ್ದರೆ ಜನ ತಾವೇ ಸ್ವಿಚ್ ಒತ್ತಿ ನೋಡುತ್ತಾರೆ. ಅದಕ್ಕಿಂತ ಅಪಾಯದ ಪರೀಕ್ಷೆ ಬೇರೆ ಇಲ್ಲ.

ಹೊಳೆಯ ಪಂಪ್‌ಸೆಟ್‌ಗಳದ್ದೂ ಇದೇ ಕಥೆ. ಮುಳುಗಿದ ಮೋಟರನ್ನು ‘ಒಮ್ಮೆ ತಿರುಗಿಸಿ ನೋಡೋಣ’ ಎಂದು ಚಾಲೂ ಮಾಡಿದರೆ ಒಂದೇ ಏಟಿಗೆ ವೈಂಡಿಂಗ್ ಸುಡುತ್ತದೆ. ಎರಡೂ ಬದಿಯ ಮುಚ್ಚಳ ಬಿಚ್ಚಿ, ರೋಟರ್ ಹೊರತೆಗೆದು, ಸಿಹಿನೀರಿನಿಂದ ರಾಡಿ ತೊಳೆದು, ಎರಡು ಮೂರು ದಿನ ಬಿಸಿಲಿಗೋ ಒಳಗೆ ಬಲ್ಬ್ ಉರಿಸಿಯೋ ಒಣಗಿಸಬೇಕು. 500 ವೋಲ್ಟಿನ ಮೆಗ್ಗರ್‌ನಲ್ಲಿ ವೈಂಡಿಂಗ್‌ನಿಂದ ಬಾಡಿಗೆ ಕನಿಷ್ಠ 1 ಮೆಗಾಓಮ್ ಸಿಗಬೇಕು, ಇನ್ನೂ ಹೆಚ್ಚಿದ್ದಷ್ಟು ಒಳ್ಳೆಯದು. ಬೇರಿಂಗಿನ ಗ್ರೀಸ್ ಪೂರ್ತಿ ತೆಗೆದು ಹೊಸದು ತುಂಬಬೇಕು. ಆಯಿಲ್ ಸ್ಟಾರ್ಟರ್ ಆಗಿದ್ದರೆ ಎಣ್ಣೆಯ ತಳದಲ್ಲಿ ನೀರು ಕೂತಿರುತ್ತದೆ, ಅದನ್ನೂ ಚೆಲ್ಲಬೇಕು. ಸಬ್‌ಮರ್ಸಿಬಲ್ ಪಂಪು ನೀರಿನೊಳಗೇ ಇರುವಂಥದ್ದು, ಅದಕ್ಕೇನಾದೀತು ಎಂದುಕೊಳ್ಳುತ್ತಾರೆ. ಪಂಪಿಗೆ ಏನೂ ಆಗದು, ಕೆಡುವುದು ಮೇಲಿನ ಪೆಟ್ಟಿಗೆ ಮತ್ತು ಕೇಬಲ್ಲಿನ ಜಾಯಿಂಟು. ರಿವೈಂಡಿಂಗ್ ಅಂಗಡಿಗಳ ಮುಂದೆ ಪೂರದ ಮರುವಾರ ಸಾಲುಗಟ್ಟುವ ಮೋಟರುಗಳಲ್ಲಿ ಎಷ್ಟು ನೀರಿಗೆ ಕೆಟ್ಟವು, ಎಷ್ಟು ಅವಸರಕ್ಕೆ ಕೆಟ್ಟವು ಎಂದು ಅಂಗಡಿಯವರನ್ನೇ ಕೇಳಿದರೆ ಗೊತ್ತಾಗುತ್ತದೆ.

ಕುಡಿಯುವ ನೀರಿನಲ್ಲಿ ಎಲ್ಲರೂ ಮಾಡುವ ತಪ್ಪು, ಬಾವಿಯನ್ನು ಒಂದೇ ದಿನ ಬರಿದು ಮಾಡುವುದು. ಸುತ್ತಲಿನ ನೆಲ ನೀರು ತುಂಬಿ ನಿಂತಿರುವಾಗ ಬಾವಿಯನ್ನು ತಟ್ಟನೆ ಖಾಲಿ ಮಾಡಿದರೆ ಹೊರಗಿನ ಒತ್ತಡಕ್ಕೆ ಬಾವಿಯ ಗೋಡೆಯೇ ಕುಸಿಯಬಹುದು. ಹೊಳೆ ಇಳಿದಂತೆ ದಿನಕ್ಕೆ ಸ್ವಲ್ಪ ಸ್ವಲ್ಪ ಎತ್ತಿ, ತಳದ ರಾಡಿ ತೆಗೆದು, ಗೋಡೆ ಉಜ್ಜಿ ತೊಳೆಯಬೇಕು. ಸೆಪ್ಟಿಕ್ ಟ್ಯಾಂಕಿಗೂ ಇದೇ ನಿಯಮ. ನೆಲ ತೋಯ್ದಿರುವಾಗ ಪೂರ್ತಿ ಖಾಲಿ ಮಾಡಿಸಿದ ಟ್ಯಾಂಕು ಬಿರಿಯಬಹುದು, ದೋಣಿಯಂತೆ ಮೇಲಕ್ಕೆ ಏಳಲೂಬಹುದು. ಹೊಳೆ ಸಾಕಷ್ಟು ಇಳಿಯುವ ತನಕ ಸಕ್ಕಿಂಗ್ ಗಾಡಿ ಕಾಯಲಿ.

ಬ್ಲೀಚಿಂಗ್ ಪುಡಿಯ ಲೆಕ್ಕ ಹೀಗೆ. ಬಾವಿಯ ಅಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ 4ರಿಂದ ಭಾಗಿಸಬೇಕು. ಅಳತೆ ಮೀಟರಿನಲ್ಲಿದ್ದರೆ ಬಂದ ಸಂಖ್ಯೆಗೆ ಸಾವಿರ ಗುಣಿಸಿದರೆ ಲೀಟರು. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಒಳ್ಳೆಯ ಪುಡಿ ಸಾವಿರ ಲೀಟರಿಗೆ 2.5 ಗ್ರಾಂ ಎಂಬುದು ಮಾಮೂಲು ದಿನಗಳ ಲೆಕ್ಕ, ಆ ಬಾವಿಗೆ ಸುಮಾರು 70 ಗ್ರಾಂ ಆಯಿತು. ಪೂರದ ನೀರಿಗೆ ಇದು ಸಾಲುವುದಿಲ್ಲ. ಕ್ಲೋರಿನ್ ಮೊದಲು ರಾಡಿಗೆ ಖರ್ಚಾಗುತ್ತದೆ, ಉಳಿದದ್ದು ರೋಗಾಣುವಿಗೆ. ಆದ್ದರಿಂದ ದುಪ್ಪಟ್ಟಿನಿಂದ ಶುರು ಮಾಡಿ, ಒಂದು ಗಂಟೆ ಬಿಟ್ಟು ಕ್ಲೋರೋಸ್ಕೋಪ್‌ನಲ್ಲಿ (ನೀರಿನ ಕ್ಲೋರಿನ್ ಅಳೆಯುವ ಸಾಧನ) ನೋಡಬೇಕು. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇಲ್ಲದಿದ್ದರೆ ಮತ್ತೆ ಹಾಕಬೇಕು.

ಹಾಕುವ ರೀತಿಯೂ ಇದೆ. ಒಂದು ಬಕೆಟ್ಟಿಗೆ 100 ಗ್ರಾಂಗಿಂತ ಹೆಚ್ಚು ಬೇಡ. ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಹೊಯ್ದು ತಿರುವಿ, 5–10 ನಿಮಿಷ ಬಿಡಬೇಕು. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ, ತಳದಲ್ಲಿ ಕೂತ ಸುಣ್ಣವನ್ನು ಚೆಲ್ಲಿ, ತಿಳಿಯ ಬಕೆಟ್ಟನ್ನು ಹಗ್ಗದಿಂದ ಬಾವಿಗೆ ಇಳಿಸಿ ನೀರಿನೊಳಗೆ ಮೇಲೆ ಕೆಳಗೆ ಜಗ್ಗಾಡಬೇಕು. ಪುಡಿಯನ್ನು ಹಾಗೆಯೇ ಎರಚಿ ಫೋಟೊ ತೆಗೆಸಿಕೊಂಡರೆ ಬಾವಿಯ ತಳಕ್ಕೆ ಸುಣ್ಣ ಸೇರಿತೇ ಹೊರತು ನೀರು ಶುದ್ಧವಾಗಲಿಲ್ಲ. ಚೀಲ ಒಡೆದು ತಿಂಗಳುಗಟ್ಟಲೆ ಇಟ್ಟ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಅದು ಬರೀ ಸುಣ್ಣದ ಪುಡಿ.

ನಲ್ಲಿ ನೀರಿಗೆ ಇನ್ನೊಂದು ಪೇಚು. ಪೂರೈಕೆ ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಒಡೆದ ಸಂದಿನಿಂದ ಹೊರಗಿನ ರಾಡಿ ಒಳಗೆ ಸೇರಿರುತ್ತದೆ. ಮೊದಲ ದಿನದ ನೀರನ್ನು ಕೊನೆಯ ಓಣಿಯ ವಾಲ್ವ್ ತೆರೆದು ಪೂರ್ತಿ ಹರಿಯಬಿಡಬೇಕು. ಕ್ಲೋರಿನ್ ಪರೀಕ್ಷೆ ಮಾಡಬೇಕಾದದ್ದೂ ಅಲ್ಲಿಯೇ. ಟ್ಯಾಂಕಿನ ಕೆಳಗಿನ ಮೊದಲ ನಲ್ಲಿಯಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯೆಂದೇ ತೋರುತ್ತದೆ. ಕೊನೆಯ ಓಣಿಯ ನಲ್ಲಿಯಲ್ಲಿ ಕ್ಲೋರಿನ್ ಸಿಗುವ ತನಕ ಕುದಿಸಿದ ನೀರೇ ಗತಿ. ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿಯಬೇಕು.

ದನಗಳದ್ದು ಯಾರ ವರದಿಯಲ್ಲೂ ಬಾರದ ಪಾಡು. ಕಾಳಜಿ ಕೇಂದ್ರದಲ್ಲಿ ಒಣ ಮೇವು ತಿಂದು ಹಸಿದ ಎಮ್ಮೆಯನ್ನು ರಾಡಿ ಮೆತ್ತಿದ ಹಸಿಹುಲ್ಲಿಗೆ ಬಿಟ್ಟರೆ ಮರುದಿನ ಹೊಟ್ಟೆಯುಬ್ಬರ, ಭೇದಿ. ಹುಲ್ಲನ್ನು ತೊಳೆದು, ಒಣ ಕಣಿಕೆಯ ಜೊತೆ ಬೆರೆಸಿ, ನಾಲ್ಕೈದು ದಿನದಲ್ಲಿ ಮೆಲ್ಲಗೆ ಹೆಚ್ಚಿಸಬೇಕು. ನೆನೆದ ಬಣವಿಯ ಒಳಗೆ ಕಾವು ಏರುತ್ತದೆ. ಕೈ ಹಾಕಿದರೆ ಬಿಸಿ ಹತ್ತುವಂತಿದ್ದರೆ ಅಂದೇ ಕೆಡವಿ ಹರಡಬೇಕು, ಇಲ್ಲದಿದ್ದರೆ ಒಳಗೇ ಬೂಸ್ಟು ಹಿಡಿದು ಹೋಗುತ್ತದೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮೊದಲೇ ಬೀಳಬೇಕಾದದ್ದು. ಪೂರ ಬಂದ ಮೇಲೆ ಸೂಜಿ ಹಿಡಿದು ಓಡಿದರೆ ಶಕ್ತಿ ಬರುವಷ್ಟರಲ್ಲಿ ದನ ಹೋಗಿರುತ್ತದೆ.

ಕಬ್ಬಿನ ಬಗ್ಗೆ ಎರಡೇ ಮಾತು. ಸುಳಿ ನೀರಿನ ಮೇಲಿದ್ದ ಕಬ್ಬು ಹೆಚ್ಚಾಗಿ ಬದುಕುತ್ತದೆ. ಸುಳಿಯಲ್ಲಿ ರಾಡಿ ಕೂತ ಕಬ್ಬಿನ ಸುಳಿ ಕೊಳೆತು, ಗಣ್ಣುಗಳಿಂದ ಮಗ್ಗುಲ ಕುಡಿ ಒಡೆಯುತ್ತದೆ, ದಿನ ಕಳೆದಂತೆ ಸಕ್ಕರೆ ಅಂಶ ಇಳಿಯುತ್ತದೆ. ಅಂಥ ಹೊಲಗಳ ಪಟ್ಟಿ ಈಗಲೇ ಮಾಡಿ ಹಂಗಾಮಿನ ಮೊದಲ ವಾರಗಳಲ್ಲೇ ಕಡಿಯುವಂತೆ ಕಾರ್ಖಾನೆಗಳಿಗೆ ಸೂಚಿಸುವುದು ಜಿಲ್ಲಾಡಳಿತದಿಂದ ಆಗಬೇಕಾದ ಕೆಲಸ. ಸೋಯಾ ಬೆಳೆದವರಿಗೆ ನೆನಪಿಡಬೇಕಾದ ಸಂಖ್ಯೆ 72. ವಿಮೆ ಮಾಡಿಸಿದ್ದರೆ ಹೊಲ ಜಲಾವೃತವಾದ 72 ಗಂಟೆಯೊಳಗೆ ತಿಳಿಸಬೇಕು. ಸರ್ಕಾರದ ಪರಿಹಾರಕ್ಕೆ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. ತಲಾಠಿ (ಗ್ರಾಮ ಆಡಳಿತಾಧಿಕಾರಿ) ಬರುವ ಮೊದಲೇ ಹೊಲ ಹರಗಿ ಸ್ವಚ್ಛ ಮಾಡಿದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಸೇತುವೆಗಳು. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಇವೆಲ್ಲ ಹೊಳೆ ಏರಿದಾಗ ಮುಳುಗುವ ಕೆಳಮಟ್ಟದ ಸೇತುವೆಗಳು. ನೀರು ಇಳಿದ ಗಳಿಗೆಯಲ್ಲೇ ಬೈಕುಗಳು ನುಗ್ಗುತ್ತವೆ. ಸೇತುವೆಯ ಕಾಂಕ್ರೀಟಿಗೆ ಏನೂ ಆಗಿರಲಿಕ್ಕಿಲ್ಲ, ಮೋಸ ಮಾಡುವುದು ಎರಡೂ ತುದಿಯ ಏರಿರಸ್ತೆ. ಡಾಂಬರು ಹಾಗೆಯೇ ಕಾಣುತ್ತದೆ, ಅಡಿಯ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿರುತ್ತದೆ. ಅಂಚಿನಲ್ಲಿ ಸೀಳು, ಬದಿಯ ಇಳಿಜಾರಿನಲ್ಲಿ ಬಿಲದಂಥ ತೂತು, ಹಾರೆಯಿಂದ ಕುಟ್ಟಿದರೆ ಟೊಳ್ಳು ಸದ್ದು, ಈ ಮೂರರಲ್ಲಿ ಒಂದು ಕಂಡರೂ ಬಸ್ಸು ಬಿಡಬಾರದು. ಕಂಬಗಳಿಗೆ ಸಿಕ್ಕಿದ ಮುಳ್ಳುಕಂಟಿ, ಕಬ್ಬಿನ ರವದಿ ತೆಗೆಸದಿದ್ದರೆ ಮುಂದಿನ ಏರಿಗೆ ಸೇತುವೆಯೇ ಒಡ್ಡಾಗುತ್ತದೆ.

ಮುಂದಿನ ಏರು ಎಂದು ಸುಮ್ಮನೆ ಹೇಳುತ್ತಿಲ್ಲ. 2019ರ ಆಗಸ್ಟಿನ ಮಹಾಪೂರದಿಂದ ಚೇತರಿಸಿಕೊಳ್ಳುವ ಮೊದಲೇ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕಕ್ಕೆ ಮತ್ತೆ ಪೆಟ್ಟು ಬಿತ್ತು. ಲೆಕ್ಕ ಸರಳ. ಕೊಯ್ನಾದ ಸಾಮರ್ಥ್ಯ ಸುಮಾರು 105 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). 1 ಲಕ್ಷ ಕ್ಯುಸೆಕ್ (ಸೆಕೆಂಡಿಗೆ 1 ಲಕ್ಷ ಘನ ಅಡಿ) ನೀರು ಒಂದು ದಿನ ಹರಿದರೆ 8.64 ಟಿಎಂಸಿ. ಜುಲೈ ಆರಂಭದಲ್ಲಿ ಅರ್ಧ ಖಾಲಿಯಿರುವ ಜಲಾಶಯ ದೊಡ್ಡ ಮಳೆಯನ್ನೂ ನುಂಗಿಕೊಳ್ಳುತ್ತದೆ. ಆಗಸ್ಟ್ ಕೊನೆಗೆ 90 ಟಿಎಂಸಿ ತುಂಬಿದ್ದರೆ ಅಷ್ಟೇ ಒಳಹರಿವಿಗೆ ಎರಡು ದಿನದ ಜಾಗವೂ ಇರುವುದಿಲ್ಲ. ಹೀಗಾಗಿ ಮೊದಲ ಸಲ ಹೊಳೆ ಇಳಿದಾಗ ಕೆಳ ಓಣಿಯವರು ಎಲ್ಲ ಸಾಮಾನನ್ನೂ ಹೊತ್ತು ತರುವುದು ಬೇಡ. ಕಾಳಿನ ಚೀಲ, ಕಾಗದಪತ್ರ, ಮಕ್ಕಳ ಪುಸ್ತಕ ಮಡ್ಡಿಯ (ಎತ್ತರದ ನೆಲದ) ಮೇಲಿನ ನೆಂಟರ ಮನೆಯಲ್ಲೇ ಇನ್ನೆರಡು ತಿಂಗಳು ಇರಲಿ.

ಶಾಲೆ ಎಷ್ಟು ದಿನ ಬಂದ್ ಇಡುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳ ಪಾಠ ತಪ್ಪಿಸಿ ಯಾರೂ ಕೋಣೆ ಹಿಡಿದು ಕೂರಬೇಕಿಲ್ಲ. ನೀರು ಇಳಿದ ಮೇಲೆ ಉಳಿಯಬೇಕಾದ ಕುಟುಂಬಗಳು ಕೆಲವೇ, ಗೋಡೆ ಹಸಿಯಿರುವವರು, ಬಾಣಂತಿಯರು, ಮುದುಕರು. ಅವರಿಗೆ ಸಮುದಾಯ ಭವನವೋ, ಕಲ್ಯಾಣ ಮಂಟಪವೋ, ಮಠದ ದಾಸೋಹದ ಮನೆಯೋ ಸಾಕು. ಶಾಲೆಯನ್ನು ಬಿಟ್ಟುಕೊಡುವಾಗ ಬಿಸಿಯೂಟದ ಪಾತ್ರೆ, ನೀರಿನ ಟ್ಯಾಂಕು, ಶೌಚಾಲಯ ತೊಳೆಸಿಯೇ ಕೊಡಬೇಕು. ಇನ್ನೊಂದು ಮಾತು. ಎಚ್ಚರಿಕೆ ಕೇಳಿ ಮನೆ ಬಿಟ್ಟು, ನೀರು ಬಾರದೆ ಮರಳಿದವರಿಗೂ ಟ್ರ್ಯಾಕ್ಟರ್ ಬಾಡಿಗೆ, ಮೇವು, ವಾರದ ಕೂಲಿ ಹೋಗಿರುತ್ತದೆ. ಪಂಚನಾಮೆಯ ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲ. ಮಾತು ಕೇಳಿದವನಿಗೇ ನಷ್ಟವಾದರೆ ಮುಂದಿನ ಡಂಗುರಕ್ಕೆ ಯಾರು ಏಳುತ್ತಾರೆ?

ಪತ್ರಿಕೆಗೆ ಒಂದು ಕೋರಿಕೆ. ಕೊಯ್ನಾದಿಂದ ಇಷ್ಟು ಕ್ಯುಸೆಕ್ ಎಂದಷ್ಟೇ ಬರೆದರೆ ದಂಡೆಯವರಿಗೆ ಗಾಬರಿಯಾಗುತ್ತದೆ, ಉಪಯೋಗವಾಗುವುದಿಲ್ಲ. ಕಲ್ಲೋಳಕ್ಕೆ ಬರುವುದು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನ ನೀರು ಮತ್ತು ದೂಧಗಂಗೆಯ ನೀರು ಸೇರಿದ ಮೊತ್ತ. ಆ ಎರಡು ಸಂಖ್ಯೆ, ಅವುಗಳ ಮೊತ್ತ, ಹಿಂದಿನ ದಿನದ ಮೊತ್ತ, ಇಷ್ಟನ್ನು ಮಳೆಗಾಲದಲ್ಲಿ ದಿನವೂ ಒಂದೇ ಜಾಗದಲ್ಲಿ ಅಚ್ಚು ಹಾಕಿ. ಓದುಗರು ಮಾಡಬೇಕಾದದ್ದೂ ಒಂದಿದೆ. ಸುಣ್ಣ ಬಳಿಯುವ ಮೊದಲು ಗೋಡೆಯ ಮೇಲಿನ ನೀರಿನ ಗೆರೆಗೆ ಆಯಿಲ್ ಪೇಂಟಿನ ಗೀಟು ಎಳೆದು, ತಾರೀಖು ಹಾಗೂ ಆ ದಿನದ ಕಲ್ಲೋಳದ ಮೊತ್ತ ಬರೆದಿಡಿ. ಮನೆಗೆ ನೀರು ಬಾರದಿದ್ದರೆ ಓಣಿಯಲ್ಲಿ ಅದು ಎಲ್ಲಿ ನಿಂತಿತೋ ಅಲ್ಲಿನ ಲೈಟ್ ಕಂಬಕ್ಕೆ ಬರೆಯಿರಿ. ಮುಂದಿನ ಸಲ ಬೆಳಿಗ್ಗೆ ಪತ್ರಿಕೆಯ ಸಂಖ್ಯೆ ನೋಡಿ, ಕಂಬದ ಸಂಖ್ಯೆ ನೋಡಿ, ದನ ಬಿಚ್ಚುವುದೋ ಬೇಡವೋ ಎಂದು ಮನೆಯವರೇ ಹೇಳಬಲ್ಲರು.

ಇಂತಿ,
ಕೃಷ್ಣಾ–ದೂಧಗಂಗಾ ದಂಡೆಯ ಓದುಗರು,
ಚಿಕ್ಕೋಡಿ ತಾಲ್ಲೂಕು